ಬದಲಿಗೆ ಕೊಟ್ಟ ವೇಷ

ನನ್ನಿಂದ ಡಿಗ್ರಿ ಆಗಲಿಕ್ಕಿಲ್ಲ ಎಂದವರು ನಮ್ಮ ಯಕ್ಷಗಾನ ಮೇಳದ ಯಜಮಾನರು. ಸಿದ್ಧಕಟ್ಟೆಯಲ್ಲಿ ಆಟ ಇದ್ದ ಒಂದು ಸಂಜೆ, ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತ, ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದ್ದೇನೆ ಎಂದು ಹೇಳಿದೆ. ಅವರು ಎಲ್ಲರಿಗೂ ಕೇಳುವ ಹಾಗೆ, "ನಿನಗೆ ಎಂತಕ್ಕೆ ಮಾರಾಯ ಡಿಗ್ರಿ? ಗಿರಕಿ ಹೊಡೆಯುವುದಕ್ಕೆ ಮಾರ್ಕು ಕೊಡುವವರು ಉಂಟಾ?" ಎಂದರು. ಬಣ್ಣದ ಪೆಟ್ಟಿಗೆಗಳ ಸಾಲಿನಲ್ಲಿ ಕೂತವರೆಲ್ಲ ನಕ್ಕರು.

ಜ್ಞಾನದ ಆಸೆಯಿಂದ ಸೇರಿದೆ ಎಂದರೆ ಸುಳ್ಳಾಗುತ್ತದೆ. ಸೇರಿದ್ದು ಹೊಟ್ಟೆಕಿಚ್ಚಿನಿಂದ. ಆ ವರ್ಷ ಮೇಳಕ್ಕೆ ಒಬ್ಬ ಇಂಜಿನಿಯರ್ ಬಂದಿದ್ದ. ಶನಿವಾರ, ಭಾನುವಾರ ಮಾತ್ರ ವೇಷ ಮಾಡುವವ, ಸ್ವಂತ ಕಾರಿನಲ್ಲಿ ಬರುವವ. ಮೈಕಿನಲ್ಲಿ ಅವನ ಹೆಸರಿನ ಜೊತೆ ಅವನ ಓದನ್ನೂ ಕೂಗುತ್ತಿದ್ದರು. ನಾನು ಪಿಯುಸಿ ಮುಗಿಸಿ ಗೆಜ್ಜೆ ಕಟ್ಟಿದವ. ತಿರುಗಾಟ ಶುರುವಾದರೆ ಮೇ ತಿಂಗಳ ಕೊನೆಗೆ, ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ, ಮುಂಗಡ ತೆಗೆದುಕೊಂಡ ನಮ್ಮಂಥವರು ಯಜಮಾನರ ಸೊತ್ತು. ಒಂದು ಆಟ ತಪ್ಪಿಸಿದರೆ ಎರಡು ಆಟದ ಸಂಬಳ ಹೋಗುತ್ತದೆ; ಮೇಲಿಂದ ಬದಲಿ ಜನವನ್ನು ನಾವೇ ಹುಡುಕಿ ಕೊಡಬೇಕು. ಅವನಿಗೆ ಈ ಯಾವ ಕಟ್ಟೂ ಇರಲಿಲ್ಲ. ಬರಲಿಕ್ಕಾಗದಿದ್ದರೆ ಫೋನು ಮಾಡುತ್ತಿದ್ದ. "ತೊಂದರೆ ಇಲ್ಲ ಸರ್" ಎನ್ನುತ್ತಿದ್ದರು ಯಜಮಾನರು. ಮನೆಗೆ ಹೋದಾಗಲೆಲ್ಲ ಅಮ್ಮನ ಹತ್ತಿರ ಇದನ್ನೇ ಹೇಳಿ ಹೇಳಿ ಉರಿದುಕೊಳ್ಳುತ್ತಿದ್ದೆ.

ಕೊನೆಯ ವರ್ಷದ ಕೊನೆಯ ಪರೀಕ್ಷೆ ಮೂಡಬಿದಿರೆಯಲ್ಲಿ, ಒಂದು ಶನಿವಾರ ಮಧ್ಯಾಹ್ನ. ಅದೇ ಸಂಜೆ ಬೆಳ್ತಂಗಡಿಯಲ್ಲಿ ಆಟ. ನನ್ನದು ಪುಂಡುವೇಷ, ಅಂದರೆ ಹರೆಯದ ವೀರನ ಪಾತ್ರ. ಮೇಳದಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

"ಧಣಿ, ಪರೀಕ್ಷೆ ಐದಕ್ಕೆ ಬಿಡ್ತದೆ. ಏಳೂವರೆಗೆ ಚೌಕಿಯಲ್ಲಿ ಇರ್ತೇನೆ. ನನ್ನ ವೇಷ ಸ್ವಲ್ಪ ತಡ ಮಾಡಿ ಹಾಕ್ಲಿಕ್ಕೆ ಆಗ್ತದಾ?"

"ಪ್ರಸಂಗ ಹೇಗೆ ನಡೀಬೇಕು ಅಂತ ನೀನು ಹೇಳುವುದಾ? ಮೇಳ ನಿನ್ನದಾ, ನನ್ನದಾ?"

"ಇಂಜಿನಿಯರಿಗೆ ಮೊನ್ನೆ ತಡ ಮಾಡಿ ಹಾಕಿದ್ರಲ್ಲ."

"ಅವರನ್ನು ನೋಡ್ಲಿಕ್ಕೆ ಜನ ಬರ್ತಾರೆ. ನಿನ್ನನ್ನು ನೋಡ್ಲಿಕ್ಕೆ ನಿನ್ನ ಮನೆಯ ನಾಯಿಯೂ ಬರುವುದಿಲ್ಲ. ಬದಲಿ ಕೊಟ್ಟು ಹೋಗು."

ಆ ವೇಷ ತಿಳಿದವರೆಲ್ಲ ಬೇರೆ ಮೇಳಗಳಲ್ಲಿ ನನ್ನ ಹಾಗೆಯೇ ಕಟ್ಟಿಹಾಕಿಸಿಕೊಂಡವರು. ಆ ಶನಿವಾರ ಬೇರೆ ವೇಷ ಇಲ್ಲದೆ ಬಿಡುವಿದ್ದವನು ಒಬ್ಬನೇ. ಎರಡು ದಿನ ತಡೆದು, ಕೊನೆಗೆ ಫೋನು ಮಾಡಿದೆ.

"ಅದಕ್ಕೇನಂತೆ ಮಾರಾಯ, ನಾನು ಮಾಡ್ತೇನೆ. ನೀನು ಧೈರ್ಯದಲ್ಲಿ ಬರಿ" ಎಂದ ಇಂಜಿನಿಯರ್. ಒಳ್ಳೆಯ ಜನ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಪರೀಕ್ಷೆ ಬರೆದು ಸೀದಾ ಬೆಳ್ತಂಗಡಿಗೆ ಹೋದೆ. ಚೌಕಿಗೆ ಹೋಗದೆ ಕುರ್ಚಿಗಳ ಹಿಂದೆ, ಚರುಮುರಿ ಗಾಡಿಯ ಪಕ್ಕ ನಿಂತೆ. ನಾನು ಇಡುತ್ತಿದ್ದ ಕಿರೀಟ ಇಟ್ಟುಕೊಂಡು ಅವನು ರಂಗಸ್ಥಳಕ್ಕೆ ನುಗ್ಗಿದ. ಗಿರಕಿಗೆ ಹೊರಟಾಗ ಅವನ ಕಾಲು ಒಮ್ಮೆ ಜಾರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಜಾರಲಿಲ್ಲ. ಮುಂದೆ ಕೂತವರು ಮೊಬೈಲ್ ಎತ್ತಿ ಹಿಡಿದರು. ಚರುಮುರಿಯವ ಈರುಳ್ಳಿ ಕೊಚ್ಚುವುದನ್ನು ನಿಲ್ಲಿಸಿ, "ಭಾರೀ ಚುರುಕು ಮಾರಾಯ್ರೆ! ಇದನ್ನು ಮೊದಲು ಯಾರು ಮಾಡ್ತಿದ್ದದ್ದು?" ಎಂದು ನನ್ನನ್ನೇ ಕೇಳಿದ.

"ಗೊತ್ತಿಲ್ಲ" ಎಂದೆ.

ಮರುದಿನ ಯಜಮಾನರು, "ಆ ವೇಷ ಇನ್ನು ಅವರಿಗೆ" ಎಂದರು.

"ನಾನು ತಿರುಗಾಟಕ್ಕೆ ಒಪ್ಪಿದ್ದೇ ಆ ವೇಷಕ್ಕೆ, ಧಣಿ."

"ಬದಲಿ ಕೊಟ್ಟದ್ದು ನೀನೇ ಅಲ್ವಾ? ಅವರನ್ನು ಕರೀಲಿಕ್ಕೆ ನಾನು ಹೇಳಿದೆನಾ?"

ಉಳಿದ ಕಲಾವಿದರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಅವರೂ ಮುಂಗಡ ತೆಗೆದುಕೊಂಡವರೇ. ವಾರದ ದಿನಗಳಲ್ಲಿ ಸಿಕ್ಕಿದ ವೇಷ ಮಾಡಿದೆ. ಶನಿವಾರ, ಭಾನುವಾರ ಅವನ ಹಿಂದೆ ಸಣ್ಣ ವೇಷದಲ್ಲಿ ಕುಣಿದೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿಟ್ಟೆ. ಮುಂದಿನ ವರ್ಷದ ಮುಂಗಡಕ್ಕೆ ಕೈ ಚಾಚಲಿಲ್ಲ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ನಾನು ಗಟ್ಟಿ ಸ್ವರದಲ್ಲಿಯೇ ಹೇಳುತ್ತೇನೆ. ಪ್ರಮಾಣಪತ್ರ ಬಂದ ದಿನ ಅಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮೊರವನ್ನು ಬದಿಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದರು. ಅವರ ಎರಡೂ ಕೈಗಳಿಗೆ ಅದನ್ನು ಕೊಟ್ಟೆ. ನನ್ನ ಹೆಸರಿದ್ದ ಸಾಲನ್ನು ಬೆರಳಿನಲ್ಲಿ ಮುಟ್ಟಿ, ಕಾಗದವನ್ನು ಸ್ವಲ್ಪ ದೂರಕ್ಕೆ ಹಿಡಿದು ನೋಡಿದರು. ಆಮೇಲೆ ಕೇಳಿದರು:

"ಆ ಇಂಜಿನಿಯರನದ್ದು ಇದಕ್ಕಿಂತ ದೊಡ್ಡದುಂಟಾ ಮಗಾ?"