ಪೇಪರ್ ಪ್ಲೇಟ್ ತರುವವನು

ನಿನ್ನೆ ಬೆಳಿಗ್ಗೆ ಗ್ಯಾರೇಜಿನಲ್ಲಿ ಉಪ್ಪು ಹುಡುಕುತ್ತಿದ್ದೆ. ಸಾರಿಗೆ ಹಾಕುವ ಉಪ್ಪಲ್ಲ. ಹಿಮ ಬಿದ್ದಾಗ ಯಾರೂ ಜಾರಿ ಬೀಳದಿರಲೆಂದು ಮನೆಯ ಮುಂದೆ ಚೆಲ್ಲುವ, ಮೂಟೆಯಲ್ಲಿ ಬರುವ ಉಪ್ಪು. ಈ ಶನಿವಾರ ನಮ್ಮ ಮನೆಗೆ ಊಟಕ್ಕೆ ನಲವತ್ತು ಜನ ಬರುವವರಿದ್ದಾರೆ, ಶುಕ್ರವಾರ ಹಿಮ ಬೀಳುತ್ತದೆಂದು ಹವಾಮಾನದವರು ಹೆದರಿಸುತ್ತಿದ್ದಾರೆ. ಉಪ್ಪು ಸಿಗಲಿಲ್ಲ. ಹಳೆಯ ಟೆಂಟಿನ ಹಿಂದೆ ಸಿಕ್ಕಿದ್ದು ಕವರ್ ಕೂಡ ಬಿಚ್ಚದ ಮೂರು ಕಟ್ಟು ಪೇಪರ್ ಪ್ಲೇಟು. ಅವನ್ನು ನೋಡಿದ ಕೂಡಲೇ, ಆ ಚಳಿಯಲ್ಲಿ ಒಬ್ಬನೇ ನಿಂತು ನಕ್ಕುಬಿಟ್ಟೆ.

ಅಮೆರಿಕದಲ್ಲಿರುವ ನಮ್ಮ ಗೈದರ್ಸ್‌ಬರ್ಗಿನ ಕನ್ನಡದವರ ಊಟದ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಮನೆ ಒಬ್ಬರದು, ಅಡುಗೆ ಎಲ್ಲರದು. ಯಾರು ಏನು ತರಬೇಕೆಂದು ವಾರ ಮುಂಚೆಯೇ ಫೋನಿನಲ್ಲಿ ಒಂದು ಪಟ್ಟಿ ಬರುತ್ತದೆ. ಬಿಸಿಬೇಳೆಬಾತಿನ ಮುಂದೆ ಒಬ್ಬರ ಹೆಸರು, ಹೋಳಿಗೆಯ ಮುಂದೆ ಇನ್ನೊಬ್ಬರದು, ಆಮೇಲೆ ಎರಡು ಬಗೆಯ ಪಲ್ಯ, ಮೊಸರನ್ನ, ಉಪ್ಪಿನಕಾಯಿ. ಪಟ್ಟಿಯ ತೀರ ಕೆಳಗೆ, ಐಸು ಮತ್ತು ಕಸದ ಚೀಲಗಳ ನೆರೆಹೊರೆಯಲ್ಲಿ, ಪೇಪರ್ ಪ್ಲೇಟು. ಅದರ ಮುಂದೆ ನನ್ನ ಹೆಸರು. ಒಂದು ಸಲವಲ್ಲ, ಸಾಲಾಗಿ ಏಳು ಊಟ.

ಪಟ್ಟಿ ಬರೆಯುತ್ತಿದ್ದವರು ವನಮಾಲಾ ಆಂಟಿ. ಮೈಸೂರಿನವರು, ಇಲ್ಲಿನ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಪಟ್ಟಿಯನ್ನು ಅವರು ಪರೀಕ್ಷೆಯ ಫಲಿತಾಂಶದಂತೆ ಪ್ರಕಟಿಸುತ್ತಿದ್ದರು. ಅದರ ಮೇಲೆ ಮಾತಾಡಿದವರನ್ನು ನಾನು ಕಂಡಿಲ್ಲ.

ಕೊರೊನಾಗೆ ಹೆದರಿ ಮನೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ ಮುಗಿದು, ಜನ ಮತ್ತೆ ಒಬ್ಬರ ಮನೆಗೊಬ್ಬರು ಹೋಗಲು ಶುರುಮಾಡಿದ್ದ ವರ್ಷ ಅದು. ನನ್ನ ಹೆಂಡತಿ ಶೈಲಾಗೆ ಅದೇ ವರ್ಷ ಅಟ್ಲಾಂಟಾದಲ್ಲಿ ಒಂದೂವರೆ ವರ್ಷದ ಕೆಲಸ ಸಿಕ್ಕಿ, ಅವಳು ಅಲ್ಲಿ, ನಾನು ಇಲ್ಲಿ. ಅವಳಿದ್ದಾಗ ನಮ್ಮ ಮನೆಯ ಹೆಸರು ಹೋಳಿಗೆಯ ಎತ್ತರದಲ್ಲಿ ಇರುತ್ತಿತ್ತು. ಅವಳು ಹೋದ ಮೊದಲ ತಿಂಗಳು ನಾನೇ ಗೊಜ್ಜವಲಕ್ಕಿ ಮಾಡಿಕೊಂಡು ಹೋದೆ. ಅದನ್ನು ಬಡಿಸಲು ಚಮಚ ಸಾಲದೆ ಚಾಕು ತರಬೇಕಾಯಿತು. ಯಾರೂ ಏನೂ ಅನ್ನಲಿಲ್ಲ. ಮುಂದಿನ ಪಟ್ಟಿಯಲ್ಲಿ ನಾನು ಪೇಪರ್ ಪ್ಲೇಟಿಗೆ ಇಳಿದಿದ್ದೆ. ಜೊತೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಪಾಪ, ಒಬ್ರೇ ಇದೀರ, ನೀವು ಸುಮ್ನೆ ಬನ್ನಿ, ಸಾಕು." ಪ್ರೀತಿಯ ಮಾತೇ, ಆದರೆ ನನಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಶೈಲಾ ಇಲ್ಲದ ನಮ್ಮ ಮನೆ ಒಂದು ಮನೆಯೇ ಅಲ್ಲವೇ? ನನಗೆ ಬೇಕಾಗಿದ್ದದ್ದು ಇಷ್ಟೇ: ಯಾವುದಾದರೂ ಒಂದು ಅಡುಗೆಯ ಮುಂದೆ ನನ್ನ ಹೆಸರು. ನಲವತ್ತಾರು ವರ್ಷದ ಗಂಡಸಿಗೆ ಇದೂ ಒಂದು ಆಸೆಯೇ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ.

ಆ ಡಿಸೆಂಬರಿನ ಕೊನೆಯ ವಾರ ಊಟಗಳು ಒಂದರ ಮೇಲೊಂದು ಬಿದ್ದವು. ಎರಡು ವರ್ಷದ ಬಾಕಿಯನ್ನು ಎಲ್ಲರೂ ಒಂದೇ ವಾರದಲ್ಲಿ ತೀರಿಸಲು ಹೊರಟಂತಿತ್ತು. ಸೋಮವಾರ ನಮ್ಮ ಬೀದಿಯವರ ಕುಕ್ಕಿ ಹಂಚಿಕೆ. ಅಲ್ಲಿಗೂ ನಾನು ತೆಗೆದುಕೊಂಡು ಹೋದದ್ದು ನ್ಯಾಪ್ಕಿನ್. ಮಂಗಳವಾರ ಆಫೀಸಿನಲ್ಲಿ ಕೆಟ್ಟ ಸ್ವೆಟರ್ ಹಾಕಿಕೊಂಡು ಬರುವ ಸ್ಪರ್ಧೆ. ನಾನು ಮಾಮೂಲಿ ಸ್ವೆಟರಿನಲ್ಲೇ ಹೋಗಿದ್ದೆ, ಎರಡನೇ ಬಹುಮಾನ ಬಂತು. ಗುರುವಾರ ಬೆಳಿಗ್ಗೆ ದೇವಸ್ಥಾನದಲ್ಲಿ ಧನುರ್ಮಾಸದ ಹುಗ್ಗಿ. ಮೈನಸ್ ಐದು ಡಿಗ್ರಿಯಲ್ಲಿ ಬಿಸಿ ಹುಗ್ಗಿ ತಿನ್ನುವ ಸುಖ ಮೈಸೂರಿನಲ್ಲಿ ಯಾರಿಗೂ ಸಿಕ್ಕಿರಲಾರದು. ಇವೆಲ್ಲಕ್ಕೂ ಕಳಶವಿಟ್ಟಂತೆ, ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ವನಮಾಲಾ ಆಂಟಿಯ ಮನೆಯಲ್ಲಿ ದೊಡ್ಡ ಊಟ.

ಹುಗ್ಗಿ ತಿನ್ನುತ್ತ ನನಗೊಂದು ಹೊಳೆಯಿತು. ನಮ್ಮ ಈ ಊಟಗಳಲ್ಲಿ ಸಾರು ಇರುವುದೇ ಇಲ್ಲ. ಕಾರಿನಲ್ಲಿ ತುಳುಕುತ್ತದೆಂದು ಯಾರೂ ತರುವುದಿಲ್ಲ. ಖಾಲಿ ಇರುವ ಆ ಜಾಗಕ್ಕೆ ನಾನೇಕೆ ನುಗ್ಗಬಾರದು? ಆಂಟಿಗೆ ಹೇಳದೆ, ಪಟ್ಟಿಗೆ ಸೇರಿಸದೆ, ಒಂದು ದೊಡ್ಡ ಕುಕ್ಕರ್ ತುಂಬ ತಿಳಿಸಾರು ಮಾಡಿಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಅಟ್ಲಾಂಟಾಗೆ ಫೋನ್ ಮಾಡಿದರೆ ಶೈಲಾ ಮೊದಲು ನಕ್ಕಳು, ಆಮೇಲೆ ಗಂಭೀರವಾಗಿ ಪಾಠ ಶುರುಮಾಡಿದಳು.

"ಬೇಳೆ ಕಟ್ಟು ಬೇರೆ ತೆಗೆದಿಟ್ಕೊಳ್ಳಿ. ಪುಡಿ ಹಾಕಿದ್ಮೇಲೆ ಜಾಸ್ತಿ ಕುದಿಸ್ಬೇಡಿ. ಒಗ್ಗರಣೆಗೆ ತುಪ್ಪಾನೇ, ಆಯಿಲ್ ಅಲ್ಲ. ಇವತ್ತೊಂದ್ಸಲ ಸ್ವಲ್ಪ ಮಾಡಿ ಟೆಸ್ಟ್ ಮಾಡಿ."

ಅಂದು ಮಾಡಿದ್ದು ಹುಳಿ ಜಾಸ್ತಿಯಾಯಿತು. ಶುಕ್ರವಾರ ಬೆಳಿಗ್ಗೆ ಮಾಡಿದ್ದು ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿತ್ತು. ಅಷ್ಟರಲ್ಲಿ ಹಿಮ ಶುರುವಾಯಿತು. ಈ ಕಡೆ ಎರಡಂಗುಲ ಹಿಮ ಎಂದರೆ ಸಾಕು, ಶಾಲೆಗೆ ರಜ, ಅಂಗಡಿಯಲ್ಲಿ ಹಾಲು ಬ್ರೆಡ್ಡು ಮಾಯ. ಇಂಡಿಯನ್ ಅಂಗಡಿಯಲ್ಲಿ ಮಾಯವಾಗುವುದು ಕೊತ್ತಂಬರಿ, ಕರಿಬೇವು. ನಾನು ಒಬ್ಬ ಮಹಾತಾಯಿಯೊಂದಿಗೆ ಪೈಪೋಟಿ ಮಾಡಿ ಕೊನೆಯ ಕರಿಬೇವಿನ ಕಟ್ಟು ಗೆದ್ದೆ, ಮೂರು ಕಟ್ಟು ಪ್ಲೇಟನ್ನೂ ತಂದು ಗ್ಯಾರೇಜಿನಲ್ಲಿ ಇಟ್ಟೆ. ಸಂಜೆ ಬರಬೇಕಿದ್ದ ಶೈಲಾಳ ವಿಮಾನ ರದ್ದಾಯಿತು. "ಸಂಡೇ ಸಿಕ್ಕಿದ್ರೆ ಬರ್ತೀನಿ. ನಾಳೆ ನೀವೇ ನಮ್ಮನೆ ಮರ್ಯಾದೆ ಉಳಿಸ್ಬೇಕು," ಅಂದಳು. ತಮಾಷೆಗೆ ಅಂದದ್ದು, ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಶನಿವಾರ ಹಿಮ ನಿಂತಿರಲಿಲ್ಲ. ಬೆಳಿಗ್ಗೆಯೇ ಸಾರು ಮಾಡಿ, ಕುಕ್ಕರಿನ ಮುಚ್ಚಳ ಬಿಗಿದು, ಅದನ್ನು ಪಕ್ಕದ ಸೀಟಿನ ಮೇಲೆ ಕೂರಿಸಿದೆ. ಅದು ಮನುಷ್ಯರಷ್ಟು ತೂಕವಿತ್ತೋ ಏನೋ, ಸೀಟ್ ಬೆಲ್ಟ್ ಹಾಕಿ ಎಂದು ಕಾರು ಒಂದೇ ಸಮನೆ ಕಿರುಚತೊಡಗಿತು. ಬೆಲ್ಟ್ ಹಾಕಿದೆ. ಹನ್ನೆರಡು ನಿಮಿಷದ ದಾರಿಯನ್ನು ನಲವತ್ತು ನಿಮಿಷ ಓಡಿಸಿಕೊಂಡು, ಪ್ರತಿ ತಿರುವಿನಲ್ಲೂ ಎಡಗೈಯನ್ನು ಹಿಡಿಕೆಯ ಮೇಲೆ... ತಪ್ಪಾಯಿತು, ಇದು ಅಮೆರಿಕ, ಬಲಗೈಯನ್ನು ಹಿಡಿಕೆಯ ಮೇಲೆ ಇಟ್ಟುಕೊಂಡು, ಸರಿಯಾಗಿ ಹನ್ನೆರಡೂವರೆಗೆ ತಲುಪಿದೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ನನಗೆ ಎರಡು ಕೋಡು ಮೂಡಿದ್ದವು.

ಬಾಗಿಲು ತೆಗೆದ ಆಂಟಿ ಕುಕ್ಕರ್ ನೋಡಿದರು, ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು.

"ಏನಪ್ಪಾ ಇದು?"

"ಸಾರು ಆಂಟಿ. ನಾನೇ ಮಾಡಿದ್ದು."

"ಹೌದಾ? ಸಂತೋಷ. ಪ್ಲೇಟೆಲ್ಲಿ?"

ಸಾರಿನ ಸಂಭ್ರಮದಲ್ಲಿ ಪ್ಲೇಟುಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೆ. ಆ ಹಿಮದಲ್ಲೂ ಒಬ್ಬೊಬ್ಬರಾಗಿ ಬೂಟು ಕೊಡವುತ್ತ ಒಳಗೆ ಬರುತ್ತಿದ್ದರು, ಒಟ್ಟು ಇಪ್ಪತ್ತೆಂಟು ಜನ. ಮೇಜಿನ ಮೇಲೆ ಹನ್ನೆರಡು ಬಗೆಯ ಅಡುಗೆ, ತಿನ್ನಲು ಒಂದು ತಟ್ಟೆಯಿಲ್ಲ. ಅಂಗಡಿಗಳು ಬಾಗಿಲು ಹಾಕಿದ್ದವು. ಗೊಜ್ಜವಲಕ್ಕಿಯಾದರೂ ಒಂದು ಅಡುಗೆ ಕೆಟ್ಟದ್ದು, ಇದು ಇಡೀ ಊಟವೇ ಕೆಟ್ಟದ್ದು.

"ಹೋಗಿ ತರ್ತೀನಿ ಆಂಟಿ, ಈಗ್ಲೇ ಹೊರಟೆ."

"ಎಲ್ಲಿಗೆ ಹೋಗ್ತೀಯ, ರೋಡ್ ಪಕ್ಕದ ಡಿಚ್ಚಿಗಾ? ಸುಮ್ನೆ ನನ್ನ ಹಿಂದೆ ಬಾ."

ಬೇಸ್‌ಮೆಂಟಿಗೆ ಇಳಿದು, ವಾಟರ್ ಹೀಟರಿನ ಪಕ್ಕದಲ್ಲಿದ್ದ ಟ್ರಂಕಿನ ಮುಚ್ಚಳ ಎತ್ತಿದರು. ಒಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಸ್ಟೀಲ್ ತಟ್ಟೆಗಳು. ಅವರ ಮದುವೆ, ಮಗಳ ನಾಮಕರಣ, ಯಾರ್ಯಾರದೋ ಗೃಹಪ್ರವೇಶ, ಹೀಗೆ ಒಂದೊಂದು ಸಮಾರಂಭದ್ದು. ಮೈಸೂರಿನಿಂದ ಬರುವಾಗಲೆಲ್ಲ ಸೂಟ್‌ಕೇಸಿನ ತಳದಲ್ಲಿ ನಾಲ್ಕಾರು ಇಟ್ಟುಕೊಂಡು ಬಂದದ್ದಂತೆ. ಪ್ರತಿಯೊಂದರ ಅಂಚಿನಲ್ಲೂ ಕೊಟ್ಟವರ ಹೆಸರು ಕೊರೆದಿತ್ತು. "ತೊಳೆಯೋರ್ಯಾರು ಅಂತ ತೆಗ್ದಿರ್ಲಿಲ್ಲ," ಅಂದರು ಆಂಟಿ. ನಾನು ತೊಳೆಯುತ್ತೇನೆ ಎಂದೆ. "ತೊಳೀದೆ ಎಲ್ಲಿಗೆ ಹೋಗ್ತೀಯ," ಅಂದರು.

ಇನ್ನೊಂದು ಮಾತು ಹೇಳಬೇಕು. ಪೇಪರ್ ಪ್ಲೇಟಿನಲ್ಲಿ ಸಾರನ್ನ ಕಲಸಿದರೆ ಏನಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಪ್ಲೇಟುಗಳನ್ನು ಮರೆಯದೆ ತಂದಿದ್ದರೆ ನನ್ನ ಸಾರು ಎಲ್ಲರ ತೊಡೆಯ ಮೇಲೆ ಹರಿದು, ನಾನು ಐಸಿನ ಸಾಲಿಗೆ ಇಳಿಯುತ್ತಿದ್ದೆ. ಅಂಚು ಎತ್ತರವಿದ್ದ ಆ ತಟ್ಟೆಗಳಲ್ಲಿ ಸಾರು ನೆಮ್ಮದಿಯಾಗಿ ನಿಂತಿತು. ಹೊರಗೆ ಹಿಮ, ಒಳಗೆ ಬಿಸಿ ಅನ್ನ, ಸಾರು. ಜನ ಬಿಸಿಬೇಳೆಬಾತನ್ನು ಬಿಟ್ಟು ಕುಕ್ಕರಿನ ಸುತ್ತ ನಿಂತರು. ಇಲ್ಲೇ ಹುಟ್ಟಿದ ಹತ್ತು ವರ್ಷದ ಹುಡುಗಿಯೊಬ್ಬಳು ಲೋಟ ಹಿಡಿದು ಬಂದು, "ಅಂಕಲ್, ಕ್ಯಾನ್ ಐ ಜಸ್ಟ್ ಡ್ರಿಂಕ್ ಇಟ್?" ಎಂದು ಕೇಳಿ ಮೂರು ಲೋಟ ಕುಡಿದಳು. ಊಟದ ನಡುವೆ ಒಬ್ಬೊಬ್ಬರೂ ತಮ್ಮ ತಟ್ಟೆಯ ಹೆಸರು ಓದುವುದು, "ಆಂಟಿ, ಪುಟ್ಟತಾಯಮ್ಮ ಯಾರು?" ಎಂದು ಕೇಳುವುದು, ಆಂಟಿ ಆ ಪುಟ್ಟತಾಯಮ್ಮನ ಮೂಗುತಿಯಿಂದ ಹಿಡಿದು ಮುಂಗೋಪದವರೆಗೆ ವರ್ಣಿಸುವುದು. ಪಟ್ಟಿಯ ಆಂಟಿ ಅಷ್ಟು ನಗಬಲ್ಲರೆಂದು ನಮಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಸಿಂಕಿನ ಮುಂದೆ ನಿಂತೆ, ಆಂಟಿ ಪಕ್ಕದಲ್ಲಿ ಒರೆಸುತ್ತ ನಿಂತರು. ಸಾರು ಹೇಗಿತ್ತೆಂದು ಕೇಳುವ ಚಪಲ ತಡೆಯಲಾಗಲಿಲ್ಲ.

"ಉಪ್ಪು ಒಂದು ಕಲ್ಲು ಕಮ್ಮಿ. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು."

ಆ ಧೈರ್ಯದಲ್ಲಿ ಮನಸ್ಸಿನಲ್ಲಿದ್ದದ್ದನ್ನೂ ಹೇಳಿಬಿಟ್ಟೆ. "ಆಂಟಿ, ಅವಲಕ್ಕಿ ಕೆಟ್ಟೋಯ್ತು ಅಂತ ತಾನೇ ನನ್ನನ್ನ ಪ್ಲೇಟಿಗೆ ಹಾಕಿದ್ದು?"

ಅವರು ಒರೆಸುವುದನ್ನು ನಿಲ್ಲಿಸಿದರು.

"ಅವಲಕ್ಕಿನಾ? ಯಾವ ಅವಲಕ್ಕಿ? ಹನ್ನೆರಡೂವರೆ ಅಂದ್ರೆ ಹನ್ನೆರಡೂವರೆಗೆ ಬರೋನು ಈ ಊರಲ್ಲಿ ನೀನೊಬ್ನೇ ಕಣಪ್ಪ. ಪಲ್ಯ ಲೇಟಾದ್ರೆ ಪಲ್ಯ ಇಲ್ದೇನೇ ತಿಂತಾರೆ. ತಟ್ಟೆ ಲೇಟಾದ್ರೆ ಏನ್ಮಾಡ್ತಾರೆ? ಅದಕ್ಕೇ ನಿನ್ನ ಹೆಸರು ಹಾಕ್ತಿದ್ದೆ. ನಂಬಿಕೆ ಇರೋರಿಗೆ ತಾನೇ ಅದನ್ನ ಕೊಡೋದು?"

ಏಳು ಊಟದುದ್ದಕ್ಕೂ ನಾನು ಶಿಕ್ಷೆ ಎಂದುಕೊಂಡು ಹೊತ್ತಿದ್ದದ್ದು ಇದನ್ನಾ? ಒಂದೇ ಹೊತ್ತಿಗೆ ಖುಷಿಯೂ ಆಯಿತು, ಪೆಚ್ಚೂ ಆಯಿತು. ಉಳಿದ ಹದಿನೈದು ತಟ್ಟೆಗಳನ್ನು ಎರಡೆರಡು ಸಲ ತೊಳೆದೆ. ಭಾನುವಾರ ಬಂದ ಶೈಲಾಗೆ ಇದನ್ನು ಹೇಳಿದಾಗ, "ನೀವು ಕೇಳಿದ್ದಿದ್ರೆ ಮೊದಲ್ನೇ ಸಲಾನೇ ಹೇಳ್ತಿದ್ರು," ಅಂದಳು. ಕೇಳುವುದಕ್ಕೆ ನನಗೆ ಏಳು ಊಟ ಹಿಡಿಯಿತು.

ಈಗ ಶೈಲಾ ಗೈದರ್ಸ್‌ಬರ್ಗಿಗೆ ವಾಪಸಾಗಿದ್ದಾಳೆ. ಆಂಟಿ ಮತ್ತು ಅವರ ಯಜಮಾನರು ಹೋದ ವರ್ಷ ಮಾರಿಸ್‌ವಿಲ್‌ಗೆ, ಮಗಳ ಮನೆಯ ಹತ್ತಿರಕ್ಕೆ ಹೋದರು. ಈ ಶನಿವಾರ ಮಗಳ ಕಾರಿನಲ್ಲಿ ಐದು ಗಂಟೆ ದಾರಿ ಬಂದು ನಮ್ಮಲ್ಲೇ ಇಳಿಯುತ್ತಾರೆ. ಹೋದ ವಾರ ಫೋನಿನಲ್ಲಿ, "ನಾನೇನು ತರ್ಲಿ?" ಎಂದು ಕೇಳಿದ್ದರು. "ಅಯ್ಯೋ, ಏನೂ ಬೇಡ ಆಂಟಿ. ನೀವು ಸುಮ್ನೆ ಬನ್ನಿ, ಸಾಕು," ಎಂದಿದ್ದೆ. "ಇಲ್ಲೂ ಎಲ್ಲಾ ಹಂಗೇ ಅಂತಾರೆ. ಬಂದು ಸೋಫಾ ಮೇಲೆ ಗೊಂಬೆ ತರ ಕೂತ್ಕೊಳ್ಳೋದು," ಎಂದು ನಕ್ಕಿದ್ದರು. ನಾನೂ ನಕ್ಕು ಫೋನ್ ಇಟ್ಟಿದ್ದೆ. ನಿನ್ನೆ ಗ್ಯಾರೇಜಿನಲ್ಲಿ ನಿಂತಿದ್ದಾಗ ಆ ನಗು ಮತ್ತೆ ಕೇಳಿಸಿತು, ಮತ್ತು ಅದು ನಗುವಲ್ಲ ಎಂದು ತಿಳಿಯಿತು. ಅಲ್ಲಿಂದಲೇ ಫೋನ್ ಮಾಡಿದೆ.

"ಆಂಟಿ, ಒಂದು ಹೆಲ್ಪ್ ಬೇಕಿತ್ತು. ಕೋಸಂಬರಿಗೆ ಯಾರೂ ಇಲ್ಲ. ನಲವತ್ತು ಜನಕ್ಕೆ ಆಗ್ಬೇಕು. ನೀವು ಮಾಡ್ತೀರಾ?"

ಅದೇ ಹಳೆಯ ಧ್ವನಿ ಬಂತು, ಅಪೀಲಿಗೆ ಅವಕಾಶವಿಲ್ಲದ್ದು.

"ಬೇಳೆ ನಾನಿಲ್ಲೇ ನೆನೆಸ್ಕೊಂಡು ಬರ್ತೀನಿ. ಸೌತೆಕಾಯಿ ನೀನು ತಂದಿಡು. ಆದ್ರೆ ಹೆಚ್ಚಬೇಡ, ಕೇಳಿಸ್ತಾ? ನೀರು ಬಿಟ್ಕೊಳ್ಳತ್ತೆ. ಬಂದು ನಾನೇ ಹೆಚ್ತೀನಿ."