ಅದೇ ತಗ್ಗಿನಲ್ಲಿ ನೆಟ್ಟ ಗಿಡ

ಚಿಂಚೋಳಿಯ ನಮ್ಮ ಶಾಲೆಯಲ್ಲಿ ಯಾವ ಕೆಲಸವನ್ನೂ ಯಾರೂ ಕೇಳಿ ಕೊಡುವುದಿಲ್ಲ. ಗೋಡೆ ಪತ್ರಿಕೆಯೂ ಹಾಗೆಯೇ ನನ್ನ ತಲೆಗೆ ಬಂತು. ಕನ್ನಡ ಕಲಿಸುವವಳು, ಅಕ್ಷರ ದುಂಡಗಿದೆ, ಮನೆ ಹತ್ತಿರದ ಚಂದಾಪುರದಲ್ಲೇ ಇದೆ, ಅಷ್ಟೇ ಸಾಕಾಯಿತು. ಪರಿಸರ ಸಂಘ, ವಾಚನಾಲಯ, ಶಾಲಾ ಸಂಸತ್ತಿನ ಚುನಾವಣೆ ಆಗಲೇ ನನ್ನ ಹೆಸರಿನ ಮುಂದೆ ಇದ್ದವು. ಎಲ್ಲದಕ್ಕೂ ಫೋಟೋ ತೆಗೆದು ಇಲಾಖೆಯ ಗ್ರೂಪಿಗೆ ಹಾಕಬೇಕು. ಪಾಠ ಮಾಡಿದ ಫೋಟೋ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಪತ್ರಿಕೆ ಎಂದರೆ ವರಾಂಡದ ಗೋಡೆಗೆ ಹೊಡೆದ ಒಂದು ಬೋರ್ಡು. ಪ್ರತಿ ಸೋಮವಾರ ಮಕ್ಕಳು ಬರೆದ ಹಾಳೆಗಳನ್ನು ಅದಕ್ಕೆ ಪಿನ್ನು ಚುಚ್ಚಿ ಹಾಕುವುದು. ಶಾಲೆಯ ಸುದ್ದಿ ಇರಬೇಕು, ಊರಿನ ಸುದ್ದಿಯೂ ಇರಬೇಕು. ಬಹಳ ಮಕ್ಕಳು ಎಲ್ಲಿಂದಲೋ ಒಗಟು ನಕಲು ಮಾಡಿ ತರುತ್ತಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ನಿಜವಾದ ಸುದ್ದಿ ತರುತ್ತಿದ್ದಳು. ಯಾವ ಓಣಿಯಲ್ಲಿ ನಾಲ್ಕು ದಿನದಿಂದ ನಳದ ನೀರು ಬಂದಿಲ್ಲ, ಯಾರ ಅಕ್ಕ ನರ್ಸಿಂಗ್ ಸೇರಿದಳು, ಎಲ್ಲ ಅವಳಿಗೆ ಗೊತ್ತು. ಅವಳ ತಂದೆ ಚಂದಾಪುರದ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಮಾರುತ್ತಿದ್ದರು. ಸಂಜೆ ಅವರ ಪಕ್ಕದಲ್ಲಿ ಕೂತು, ಪೊಟ್ಟಣ ಕಟ್ಟಲು ತಂದ ಹಳೆಯ ದಿನಪತ್ರಿಕೆಗಳನ್ನು ಓದುತ್ತಿದ್ದಳು. ಓದಿ ಓದಿ ವರದಿ ಬರೆಯುವ ಧಾಟಿ ಅವಳಿಗೆ ಬಂದುಬಿಟ್ಟಿತ್ತು.

ಆ ವರ್ಷದ ಪರಿಸರ ದಿನಕ್ಕೆ ಅತಿಥಿಗಳು ಬಂದರು. ಐದು ಜನ ಸೇರಿ ಒಂದು ಬೇವಿನ ಸಸಿ ಹಿಡಿದುಕೊಂಡರು. ಹೆಡ್‌ಮಾಸ್ತರರ ಫೋನಿನಲ್ಲಿ ಜಾಗ ಇಲ್ಲದೆ ಚಿತ್ರ ಉಳಿಯದ್ದರಿಂದ ಫೋಟೋಕ್ಕಾಗಿ ಮೂರು ಸಲ ನೆಡಬೇಕಾಯಿತು. ಆಮೇಲೆ ಎಲ್ಲರೂ ಚಹಾಕ್ಕೆ ಹೋದರು. ಆ ಹುಡುಗಿ ನೋಟ್‌ಬುಕ್ ಹಿಡಿದು ಸಸಿ ನೆಟ್ಟ ತಗ್ಗಿನ ಹತ್ತಿರವೇ ನಿಂತಿದ್ದಳು.

"ಮೇಡಂ, ಹೋದ ವರ್ಷದ ಗಿಡ ಎಲ್ಲಿ ಹೋಯ್ತರಿ?"

"ಒಣಗಿರಬೇಕು."

"ಒಣಗಿದ್ರ ಕಟ್ಟಿಗಿ ಆದ್ರೂ ಇರಬೇಕಲ್ರಿ?"

"ಮೊದಲು ಕ್ಲಾಸಿಗೆ ನಡಿ" ಎಂದೆ.

ಸೋಮವಾರ ಅವಳ ಹಾಳೆ ಬಂತು. "ನಮ್ಮ ಶಾಲೆಯಲ್ಲಿ ಪರಿಸರ ದಿನವನ್ನು ಆಚರಿಸಲಾಯಿತು. ಅತಿಥಿಗಳು ಗಿಡ ನೆಟ್ಟರು. ಹೋದ ವರ್ಷ ಗಿಡ ನೆಟ್ಟ ತಗ್ಗಿನಲ್ಲಿಯೇ ಈ ವರ್ಷವೂ ನೆಡಲಾಯಿತು. ಅದರ ಹಿಂದಿನ ವರ್ಷವೂ ಅದೇ ತಗ್ಗು ಎಂದು ಹತ್ತನೆಯ ತರಗತಿಯವರು ತಿಳಿಸಿದರು." ಓದಿ ನಕ್ಕೆ. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಪಿನ್ನು ಚುಚ್ಚಿದೆ. ಎರಡನೆಯ ಪೀರಿಯಡ್ ಮುಗಿಯುವ ಮೊದಲೇ ಹೆಡ್‌ಮಾಸ್ತರರಿಂದ ಕರೆ ಬಂತು.

"ಮೇಡಂ, ಇದೇನ್ರಿ ಇದು? ಸುದ್ದಿನೋ ಚಾಡಿನೋ?"

"ಸುಳ್ಳೇನ್ ಬರದಿಲ್ಲಲ್ರಿ ಸರ್."

"ಸುಳ್ಳಂತ ನಾ ಎಲ್ಲಿ ಅಂದೆ? ಖರೇ ಅದ, ಅದಕ್ಕೇ ನನ್ನ ತಕರಾರು. ಜರಾ ಚೊಲೋ ಮಾಡಿ ಬರಸ್ರಿ."

ನನಗೆ ಅಂದು ಇನ್ನೂ ಮೂರು ಪೀರಿಯಡ್ ಇದ್ದವು. ಅವಳನ್ನು ಕರೆದು ಹೇಳುವಷ್ಟು ತಾಳ್ಮೆ ಇರಲಿಲ್ಲ. ನಾನೇ ಒಂದು ಹಾಳೆ ತೆಗೆದುಕೊಂಡು, ಸಂಭ್ರಮ, ಸಡಗರ, ಹಸಿರು ಭವಿಷ್ಯ ಎಲ್ಲ ಸೇರಿಸಿ ಬರೆದೆ. ಕೆಳಗೆ ಅವಳ ಹೆಸರು ಹಾಕಿ, ಹಳೆಯದನ್ನು ಕಿತ್ತು ಇದನ್ನು ಚುಚ್ಚಿದೆ.

ಊಟದ ಹೊತ್ತಿಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ಅಕ್ಷರ ನಿಮ್ಮವ ಅವ. ಕೆಳಗ ನನ್ನ ಹೆಸರ ಯಾಕ ಅದ?"

"ನೀ ಬರದದ್ದನ್ನೇ ಸ್ವಲ್ಪ ತಿದ್ದೀನಿ."

"ತಿದ್ದಿಲ್ರಿ. ಬ್ಯಾರೆ ಬರದೀರಿ."

ದನಿ ಏರಿಸಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ಸ್ಕೇಲು ಇಟ್ಟು, ತನ್ನ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಹೋದಳು. ನನಗೆ ಇಡೀ ದಿನ ಸಿಟ್ಟು. ಹದಿನಾಲ್ಕು ವರ್ಷದ ಹುಡುಗಿಗೆ ಇಷ್ಟು ಸೊಕ್ಕೇ ಎಂದುಕೊಂಡೆ. ಮನೆಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅದನ್ನೇ ಉಣ್ಣುತ್ತ ಕೂತಾಗ, ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲ ಎಂಬುದು ತಿಳಿದು ಇನ್ನಷ್ಟು ಸಿಟ್ಟು ಬಂತು.

ಮುಂದಿನ ಎರಡು ಸೋಮವಾರ ಅವಳಿಂದ ಏನೂ ಬರಲಿಲ್ಲ. ಬೋರ್ಡಿನ ತುಂಬ ಒಗಟುಗಳೇ. ಅಷ್ಟರಲ್ಲಿ ಇಲಾಖೆಯ ಸಾಹೇಬರೊಬ್ಬರು ಶಾಲೆ ನೋಡಲು ಬರುತ್ತಾರೆ, ಪತ್ರಿಕೆ ಚೆನ್ನಾಗಿರಬೇಕು ಎಂದು ಹೆಡ್‌ಮಾಸ್ತರರು ಬೆನ್ನು ಹತ್ತಿದರು. ಸಂಜೆ ಬದನೆಕಾಯಿ ಕೊಳ್ಳುವ ನೆಪದಲ್ಲಿ ಮಾರ್ಕೆಟ್ಟಿಗೆ ಹೋದೆ. ನನ್ನನ್ನು ನೋಡಿ ಅವಳ ತಂದೆ ಗಾಬರಿಯಾದರು.

"ಏನ್ ಮಾಡ್ಯಾಳ್ರಿ ಮೇಡಂ ಇಕಿ?"

"ಇಕಿ ಏನೂ ಮಾಡಿಲ್ರಿ. ತಪ್ಪು ಮಾಡಿದ್ದು ನಾನು."

ಅವಳು ಬದನೆಕಾಯಿ ಆರಿಸುತ್ತಲೇ ಇದ್ದಳು. ಆರಿಸಿದ್ದನ್ನು ತಕ್ಕಡಿಗೆ ಹಾಕುತ್ತ, "ಬರೀತೀನ್ರಿ. ತಿದ್ದೋದಿದ್ರ ನನ್ನ ಮುಂದ ತಿದ್ರಿ" ಎಂದಳು. ಒಪ್ಪಿದೆ.

ಬರೆಯಲು ಬೇರೆ ವಿಷಯವೇ ಇಲ್ಲವೇನೋ ಎಂಬಂತೆ ಮತ್ತೆ ಗಿಡಕ್ಕೇ ಕೈ ಹಾಕಿದಳು. ವಾರವೆಲ್ಲ ಕಂಡವರನ್ನು ಕೇಳುತ್ತ ತಿರುಗಿದಳು. "ಗಿಡಗಳನ್ನು ಬಿಸಿಯೂಟದ ಅಮ್ಮನ ಆಡು ತಿಂದಿದೆ ಎಂದು ಶಿಕ್ಷಕರು ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ." ಮಾತು ಕೊಟ್ಟಿದ್ದೆ, ಹಾಗೇ ಹಾಕಿದೆ.

ಬಿಸಿಯೂಟದ ಅಮ್ಮ ಎಂದರೆ ನಮ್ಮ ಮಕ್ಕಳಿಗೆ ಅಡುಗೆ ಮಾಡುವವರು. ಮನೆ ಶಾಲೆಯ ಕಾಂಪೌಂಡಿಗೆ ಹತ್ತಿಕೊಂಡೇ ಇದೆ. ಅವರಿಗೆ ಓದು ಬರುವುದಿಲ್ಲ. ಯಾವುದೋ ಹುಡುಗ ಮೊದಲ ಸಾಲನ್ನಷ್ಟೇ ಓದಿ ಹೇಳಿದ್ದ. ಸೌಟು ಹಿಡಿದುಕೊಂಡೇ ವರಾಂಡಕ್ಕೆ ಬಂದರು.

"ಯಾರ್ರೀ ನನ್ನ ಆಡಿನ್ನ ಬದ್ನಾಮ ಮಾಡ್ದೋರು? ನನ್ನ ಆಡು ತಿಂದದ್ದು ಒಂದ್ ಗಿಡ. ಒಂದೇ ಒಂದು! ಉಳದಾವೆಲ್ಲ ನೀರಿಲ್ದ ಸತ್ತಾವ. ಅದನ್ನ ಯಾಕ ಬರದಿಲ್ಲ?"

ನಾನು ಸಮಾಧಾನ ಹೇಳಲು ಹೋದೆ. ಅಷ್ಟರಲ್ಲಿ ಹುಡುಗಿ ನೋಟ್‌ಬುಕ್ ತೆರೆದು ಅವರ ಮುಂದೆ ನಿಂತಳು.

"ಹೇಳ್ರಿ ಅಮ್ಮ, ಬರ್ಕೊಳ್ಳಿಕತ್ತೀನಿ. ಯಾವ ವರ್ಷದ್ ತಿಂತು?"

ಅಮ್ಮ ಸೌಟು ಕೆಳಗಿಟ್ಟು, ಗೋಡೆಗೆ ಒರಗಿ, ಎಲ್ಲ ಹೇಳಿದರು. ಅವರು ಹೇಳಿದ್ದು "ಸ್ಪಷ್ಟೀಕರಣ" ಎಂಬ ತಲೆಬರಹದಲ್ಲಿ ಬೋರ್ಡಿಗೆ ಬಂತು. ಅಷ್ಟಕ್ಕೇ ಅವರ ಸಿಟ್ಟು ಇಳಿಯಲಿಲ್ಲ. ಮರುದಿನ ಜಾಲಿ ಮುಳ್ಳು ತಂದು ಸಸಿಯ ಸುತ್ತ ಒತ್ತೊತ್ತಾಗಿ ಬೇಲಿ ಕಟ್ಟಿದರು. ಅಕ್ಕಿ ತೊಳೆದ ನೀರನ್ನು ದಿನಾ ಅದಕ್ಕೇ ಸುರಿಯತೊಡಗಿದರು. "ಈಗ ಒಣಗ್ಲಿ, ಯಾರ ಮ್ಯಾಲ ಹಾಕ್ತೀರಿ ನೋಡ್ತೀನಿ" ಎಂದು ನಮ್ಮ ಸ್ಟಾಫ್ ರೂಮಿಗೆ ಕೇಳಿಸುವಂತೆ ಹೇಳುತ್ತಿದ್ದರು. ಮೂರು ವಾರದಲ್ಲಿ ಸಸಿ ಚಿಗುರಿತು.

ಸಾಹೇಬರು ಬಂದ ದಿನ ಬೋರ್ಡಿನ ಮುಂದೆ ನಿಂತು, ಇನ್ನೂ ಅಲ್ಲೇ ಇದ್ದ ಆಡಿನ ಸ್ಪಷ್ಟೀಕರಣವನ್ನು ಪೂರ್ತಿ ಓದಿ, ಜೋರಾಗಿ ನಕ್ಕು, "ಎಲ್ಲದ್ರಿ ಆ ಗಿಡ?" ಎಂದರು. ಹೆಡ್‌ಮಾಸ್ತರರು ಮುಂದೆ ಮುಂದೆ ನಡೆದು ತೋರಿಸಿದರು. "ನಮ್ಮ ಪರಿಸರ ಸಂಘದ ವಿಶೇಷ ಕಾಳಜಿ ಸರ್" ಎಂದದ್ದು ನನ್ನ ಕಿವಿಗೇ ಬಿತ್ತು. ಬೇಲಿಯ ಪಕ್ಕ ಫೋಟೋ ಆಯಿತು.

"ಸರ್, ಅಡಿಗಿ ಅಮ್ಮಗ ಕರೀರಿ. ಆ ಹುಡುಗಿಗೂ ಕರೀರಿ" ಎಂದೆ.

"ಆಗಲೇ ಗ್ರೂಪಿಗೆ ಹಾಕಿಬಿಟ್ಟೀನಿ ಮೇಡಂ."

ನಾನೇ ಅಡುಗೆ ಮನೆಗೆ ಹೋಗಿ ಕರೆದೆ. ಅಮ್ಮ ತಿರುಗಿಯೂ ನೋಡಲಿಲ್ಲ. "ಫೋಟೋ ತಗೊಂಡ್ ಏನ್ ಮಾಡ್ಲಿ? ಅನ್ನ ತಳ ಹತ್ತಲಿಕತ್ತದ, ಸರೀರಿ."

ಮುಂದಿನ ಸೋಮವಾರದ ವರದಿಯ ಕೊನೆಯಲ್ಲಿ, "ಗಿಡಕ್ಕೆ ಬೇಲಿ ಕಟ್ಟಿ ನೀರು ಹಾಕಿದವರು ಫೋಟೋದಲ್ಲಿ ಇಲ್ಲ" ಎಂಬ ಸಾಲಿತ್ತು. ಅವಳನ್ನು ಎದುರಿಗೆ ಕೂರಿಸಿಕೊಂಡು ಓದಿದೆ, ಒಂದಕ್ಷರವನ್ನೂ ಮುಟ್ಟಲಿಲ್ಲ. ಅವಳ ಹೆಸರಿನ ಕೆಳಗೆ ನನ್ನ ಸಹಿ ಹಾಕಿ ಬೋರ್ಡಿಗೆ ಚುಚ್ಚಿದೆ. ಹೆಡ್‌ಮಾಸ್ತರರು ಬಂದು ಓದಿ, ನನ್ನ ಕಡೆ ನೋಡಿದರು.

"ಸಹಿ ನಂದದ ಸರ್. ತಗೀಬೇಕಂದ್ರ ನೀವೇ ತಗೀರಿ" ಎಂದೆ.

ಅವರ ಕೈ ಬೋರ್ಡಿನ ತನಕ ಹೋಯಿತು. ಆಮೇಲೆ, "ಪಿನ್ನಾದ್ರೂ ನೆಟ್ಟಗ ಚುಚ್ರಿ ಮೇಡಂ, ಸೊಟ್ಟ ಅದ" ಎಂದು ತಮ್ಮ ಕೋಣೆಗೆ ಹೋದರು.

ಬೇವು ಈಗ ನನ್ನ ಹೆಗಲಿನ ಎತ್ತರಕ್ಕೆ ಬಂದಿದೆ. ಹುಡುಗಿ ಹತ್ತನೆಯದು ಪಾಸಾಗಿ, ಸೇಡಂನಲ್ಲಿ ಪಿಯುಸಿಗೆ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ, "ಇಲ್ಲಿ ಗ್ವಾಡಿ ಪತ್ರಿಕಾನೇ ಇಲ್ರಿ ಮೇಡಂ. ಬೋರ್ಡ್ ಹಾಕ್ರಿ ಅಂತ ಅರ್ಜಿ ಬರದೀನಿ, ಜರಾ ನೋಡ್ರಿ" ಎಂದು ಅದರ ಫೋಟೋ ಕಳಿಸಿದಳು. ಎರಡೇ ಎರಡು ಕಾಗುಣಿತ ತಪ್ಪಿದ್ದವು. ಅವಳು ಫೋನಿನಲ್ಲಿ ಇರುವಾಗಲೇ ಹೇಳಿ ತಿದ್ದಿಸಿದೆ.