ಜೇಕೆಂದು ಕಿತ್ತ ಮಳೆಹೂವು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನೊಂದು ಗುಣವೆಂದೇ ತಿಳಿದಿದ್ದೆ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಅದು ರೋಗವೆಂದು ಗೊತ್ತಾಯಿತು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಕುರನೂರಿನ ಒಕ್ಕಲುತನದ ಮನೆಯಲ್ಲಿ ಬೆಳೆದ ನಾನು ಪೇಟೆಯ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದಿದ್ದೆ. ಮಾವ, ಗಂಡ ಇಬ್ಬರೂ ಬೆಳಿಗ್ಗೆ ಅಂಗಡಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ.

ಅತ್ತೆಯ ಮಾತು ಕಡಿಮೆ, ಆಡಿದರೆ ಮರಾಠಿ. ನನ್ನನ್ನು ಮರಾಠಿಯವರು ಸೊಸೆಗೆ ಅನ್ನುವಂತೆ ‘ಸೂನಬಾಯಿ’ ಎಂದು ಕರೆಯುತ್ತಿದ್ದರು. ಮಡಿಕೆ ಮುರಿಯದ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು. ಇವರು ಹುಟ್ಟಿದ್ದೇ ಪೇಟೆಯಲ್ಲಿ, ಇವರ ಕಾಲಿಗೆ ಹೊಲದ ಮಣ್ಣು ಹತ್ತಿದ್ದೇ ಇಲ್ಲ ಎಂದು ಯಾರನ್ನೂ ಕೇಳದೆ ನಾನೇ ತೀರ್ಮಾನಿಸಿದ್ದೆ.

ಹಿತ್ತಲಿನಲ್ಲಿ ಒಂದು ಬೇವಿನ ಮರ. ಅದರ ಬುಡದಿಂದ ಗೋಡೆಯವರೆಗೆ ಹತ್ತು ಮೊಳದ ಒಂದು ಪಟ್ಟಿ ನೆಲ. ಬೆಳಿಗ್ಗೆ ಹತ್ತರವರೆಗೆ ಬಿಸಿಲು, ಆಮೇಲೆ ದಿನವಿಡೀ ನೆರಳು. ಅಲ್ಲಿ ಹುಲ್ಲಿನಂಥದ್ದೇನೋ ಗುಂಪು ಗುಂಪಾಗಿ ಬೆಳೆದಿತ್ತು. ಎಲೆಗಳು ಲಾಡಿಯ ಹಾಗೆ ಚಪ್ಪಟೆ, ತುದಿ ಒಣಗಿ ನೆಲಕ್ಕೆ ಬಾಗಿದ್ದವು. ಹೂವಿಲ್ಲ, ಕಾಯಿಲ್ಲ. ಇಷ್ಟು ಅಚ್ಚುಕಟ್ಟಿನ ಹೆಂಗಸು ಈ ಕಸವನ್ನು ಹೇಗೆ ಸಹಿಸಿಕೊಂಡಿದ್ದಾರೆ ಎಂದು ದಿನವೂ ಪಾತ್ರೆ ತಿಕ್ಕುವಾಗ ನನ್ನ ಕೈ ತುರಿಸುತ್ತಿತ್ತು.

ಮೇ ತಿಂಗಳಲ್ಲಿ ಅತ್ತೆ ಅಕ್ಕಲಕೋಟೆಗೆ, ಬಂಧುಗಳ ಮದುವೆಗೆಂದು ನಾಲ್ಕು ದಿನ ಹೋದರು. ಮನೆ ಮೊದಲ ಸಲ ನನ್ನ ಕೈಗೆ ಬಂತು. ಅವರು ಬರುವುದರೊಳಗೆ ಏನಾದರೂ ಮಾಡಿ ಸೈ ಅನ್ನಿಸಿಕೊಳ್ಳಬೇಕು ಎಂಬ ಆಸೆ.

ನಮ್ಮಪ್ಪನ ಹೊಲದಲ್ಲಿ ಜೇಕು ಎಂಬ ಹುಲ್ಲು ಕಂಡರೆ ಮನೆಮಂದಿಯೆಲ್ಲ ಕುರ್ಪಿ ಹಿಡಿದು ಬೀಳುತ್ತಿದ್ದೆವು. ಅದನ್ನು ಮೇಲೆ ಕೊಯ್ದರೆ ಸಾಯುವುದಿಲ್ಲ. ಗಡ್ಡೆ ಸಮೇತ ಎತ್ತಬೇಕು, ಮಣ್ಣು ಝಾಡಿಸಬೇಕು, ಬೇರು ಮೇಲಾಗಿ ಬಿಸಿಲಿಗೆ ಹರವಬೇಕು. ಹಿತ್ತಲ ಹುಲ್ಲಿಗೂ ಗಡ್ಡೆ ಇತ್ತು, ಸಣ್ಣ ಉಳ್ಳಾಗಡ್ಡಿಯಷ್ಟು. ಜೇಕೇ ಇದು, ಬಚ್ಚಲ ನೀರು ಕುಡಿದು ಕೊಬ್ಬಿದೆ ಎಂದುಕೊಂಡೆ. ಒಂದೇ ಬೆಳಗಿನಲ್ಲಿ ಪಟ್ಟಿಯನ್ನೆಲ್ಲ ಅಗೆದು, ಗಡ್ಡೆಗಳನ್ನು ಮಾಳಿಗೆಯ ಮೇಲೆ ಒಣಹಾಕಿದೆ. ಎಲೆಗಳನ್ನು ಓಣಿಯ ಆಡಿನ ಮುಂದೆ ಚೆಲ್ಲಿದರೆ ಅದು ಮೂಸಿ ನೋಡಿ ಮುಂದೆ ನಡೆಯಿತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಪೇಟೆಯ ಆಡಿಗೆ ಸೊಕ್ಕು ಎಂದು ಬೈದು ಒಳಗೆ ಬಂದೆ.

ಅತ್ತೆ ಬಂದವರು ಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಹೊಗಳಿಕೆಗೆ ಕಾದು ಬಾಗಿಲಲ್ಲೇ ನಿಂತೆ.

“ಇಲ್ಲಿದ್ದ ಮಳಿಹೂವು ಎಲ್ಲಿ?”

ಅವರು ಕನ್ನಡದಲ್ಲಿ ಕೇಳಿದ್ದರು, ಅದೂ ಥೇಟ್ ನಮ್ಮ ಕಡೆಯ ಕನ್ನಡ.

“ಜೇಕಂತ ಕಿತ್ತ ಹಾಕೀನ್ರಿ, ಅತ್ಯಾರ.”

ಅವರು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನನ್ನ ತವರ ಮನಿದು ಅದೊಂದ ಉಳದಿತ್ತು,” ಅಂದರು.

ಆಗ ತಿಳಿಯಿತು. ಅವರ ತವರು ಕರಜಗಿ, ನಮ್ಮ ಕಡೆಯದೇ ಹಳ್ಳಿ. ಬಾವಿಯ ಪಕ್ಕದ ನೆರಳಿನಲ್ಲಿ ಅವರವ್ವ ಬೆಳೆಸಿದ್ದ ಮಳೆಹೂವಿನ ಗಡ್ಡೆಗಳನ್ನು, ಮದುವೆಯಾದ ವರ್ಷ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಮುಂದೆ ಅವ್ವ ಅಪ್ಪ ಹೋದರು. ಅಣ್ಣ ಹೊಲ, ಮನೆ ಮಾರಿ ಮುಂಬೈ ಸೇರಿದ.

“ಕರಜಗಿಗಿ ದಿನಾ ಬಸ್ ಹೋಗ್ತಾವ. ಹೋದ್ರ ಒಂದ ತಂಬಗಿ ನೀರ ಕೊಡೋರಿಲ್ಲ ನನಗ,” ಅಂದರು.

ನಾನು ಮಾಳಿಗೆಗೆ ಓಡಿದೆ. ಮೂರು ದಿನದ ಸೊಲ್ಲಾಪುರದ ಬಿಸಿಲು. ಒತ್ತಿದರೆ ಬಹಳಷ್ಟು ಗಡ್ಡೆಗಳು ಪೊಳ್ಳು. ಗೋಡೆಯ ಮರೆಗೆ ಉರುಳಿದ್ದ ಹನ್ನೊಂದು ಮಾತ್ರ ಗಟ್ಟಿಯಾಗಿದ್ದವು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಒಬ್ಬ ಹೆಂಗಸಿನ ತವರನ್ನು ಬೇರು ಸಮೇತ ಕಿತ್ತಿದ್ದೆ, ಅದೂ ಶಹಬ್ಬಾಸ್ ಅನ್ನಿಸಿಕೊಳ್ಳಲು.

ಮರುದಿನ ನೆಡಲು ಕೂತೆ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ಆದರೆ ನಾನು ಗಡ್ಡೆಯನ್ನು ಪೂರ್ತಿ ಮುಚ್ಚುವುದನ್ನು ಅಡುಗೆಮನೆಯ ಬಾಗಿಲಿಂದ ನೋಡಿ ತಡೆಯಲಾಗಲಿಲ್ಲ. “ಕುತ್ತಿಗಿ ಹುಗೀಬ್ಯಾಡ.” ಸ್ವಲ್ಪ ಹೊತ್ತಾದ ಮೇಲೆ, “ಬೇವಿನ ಬೇರಿಂದ ದೂರ.” ನಾನು ತಂಬಿಗೆ ಎತ್ತಿದಾಗ, “ನೀರ ಹಾಕಬ್ಯಾಡ, ಕೊಳೀತಾವ. ಮಳಿ ಬರಲಿ.” ಬೇಕಾದ ಮಾತೆಲ್ಲ ಆಡಿ, ಮಾತು ಬಿಟ್ಟವರಂತೆ ಒಳಗೆ ಹೋದರು.

ಜೂನ್ ಬಂದರೂ ಮಳೆಯಿಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ಆ ಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಜೋಳದ ಬೆಳೆಗೂ ನಾನು ಅಷ್ಟು ಹರಕೆ ಹೊತ್ತಿರಲಿಲ್ಲ. ಕೊನೆಗೊಂದು ಸಂಜೆ ಮಳೆ ಹೊಡೆಯಿತು. ನಾಲ್ಕನೆಯ ದಿನಕ್ಕೆ ಐದು ಕಡೆ ಹಸಿರು ಮೊಳಕೆ. ಉಳಿದ ಆರು ಏಳಲೇ ಇಲ್ಲ. ಅತ್ತೆಯನ್ನು ಕೈಹಿಡಿದು ಕರೆತಂದು ತೋರಿಸಿದೆ. ಅವರು ಬಗ್ಗಿ ಒಂದೊಂದನ್ನೂ ಮುಟ್ಟಿ ನೋಡಿದರು. ಆಮೇಲೆ ಎರಡು ಕಪ್ ಚಹಾ ಮಾಡಿ ಹಿತ್ತಲಿಗೇ ತಂದರು. ಅಂದಿನಿಂದ ನನ್ನೊಡನೆ ಕನ್ನಡವೇ ಆಡಿದರು. ಹತ್ತು ದಿನ ಬಿಟ್ಟು ಒಂದು ಗಿಡಕ್ಕೆ ಗುಲಾಬಿ ಬಣ್ಣದ ಹೂವೊಂದು ಬಂತು. ದೇವರಿಗೂ ಏರಿಸಲಿಲ್ಲ, ಮುಡಿಯಲೂ ಇಲ್ಲ, ಇಬ್ಬರೂ ಸುಮ್ಮನೆ ನೋಡಿದೆವು.

ನಾಗರ ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಣ್ಣ ಬಂದ. ಹೊರಡುವಾಗ ಅತ್ತೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬಿನ ಜೊತೆ ಮಣ್ಣು ಮೆತ್ತಿದ ಒಂದು ಗಡ್ಡೆಯನ್ನೂ ಹಾಕಿದರು.

“ಇರೋವ ಐದ್ರಿ. ಇಲ್ಲೇ ಇರಲಿ,” ಅಂದೆ.

“ನಿಮ್ಮ ತವರಾಗ ಹಚ್ಚು, ನೆಳ್ಳ ನೋಡಿ ಹಚ್ಚು. ಇಲ್ಲಿ ಸತ್ರ ಅಲ್ಲಿ ಇರ್ತದ.” ಸೆರಗಿನ ಗಂಟು ಬಿಗಿಯುತ್ತ, ತಲೆ ಎತ್ತದೆ ಕೇಳಿದರು, “ಮುಂದಿನ ಪಂಚಮಿಗಿ ಅದನ್ನ ನೋಡಾಕ ನಾನೂ ಬರಲೇನು?”

ಅತ್ತೆ ಸೊಸೆಯ ಅಪ್ಪಣೆ ಕೇಳುತ್ತಿದ್ದರು. ಹೂಂ ಎಂದು ತಲೆಯಾಡಿಸಿದೆ. ಕುರನೂರಿನಲ್ಲಿ ಹುಣಸೆಮರದ ನೆರಳಿಗೆ ಗಡ್ಡೆ ನೆಟ್ಟು, ಅದರ ಕಥೆಯನ್ನು ಅಪ್ಪನಿಗೆ ಹೇಳಿ ಬಂದೆ.

ಮುಂದಿನ ವರ್ಷ ಅಣ್ಣ ನಮ್ಮಿಬ್ಬರನ್ನೂ ಕರೆದೊಯ್ದ. ಬಸ್ಸಿನಿಂದಿಳಿದು ಮನೆ ಮುಟ್ಟುವವರೆಗೂ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದರು. ಬೀಗತಿಗೆ ‘ಬರ್ರಿ’ ಅನ್ನುವುದು ರೂಢಿ. ನಾನೂ ಅದನ್ನೇ ಕಾಯುತ್ತಿದ್ದೆ. ಅಪ್ಪ ಬಾಗಿಲಿಗೆ ಬಂದು, ನೀರಿನ ತಂಬಿಗೆಯನ್ನು ತಾನೇ ಅವರ ಕೈಗೆ ಕೊಟ್ಟು, “ಬಾ ತಂಗಿ, ಭಾಳ ವರ್ಷಕ್ಕ ಬಂದಿ,” ಅಂದ.